ಗಿಟಾರಿನ ಜೊತೆ ಬಂದ ವೀಳ್ಯ

"ದುಡ್ಡು ಕೊಟ್ಟು ತೆಗೊಳ್ಳುದಾದ್ರೆ ತೆಗೊ. ಅಕ್ಕ ವೀಳ್ಯ ಹಿಡಿದ್ರೆ ಮಾತ್ರ ಮುಟ್ಬೇಡ ಮಾರಾಯಾ. ಬರಿಗೈಯಲ್ಲಿ ಮನೆಗೆ ಹೋಗು."

ಠಾಣೆ ಪಟ್ಟಣದ ಆ ಹಳೇ ಚಾಲ್ ವಠಾರದ ಮೆಟ್ಟಿಲ ಮೇಲೆ ಕೂತಿದ್ದ ಮುದುಕ ಇಷ್ಟನ್ನು ಪಿಸುದನಿಯಲ್ಲಿ ಹೇಳಿದ. ಹೆಸರು ಪುಂಡರೀಕಾಕ್ಷ. ಮೇಲಿನ ಮಹಡಿಯ ರತ್ನಾವತಿಯಮ್ಮನ ತಮ್ಮ. ಹಗಲು ಹನ್ನೊಂದು ಗಂಟೆಗೂ ಆ ಮೆಟ್ಟಿಲಿಗೆ ಬೆಳಕಿರಲಿಲ್ಲ. ಒದ್ದೆ ಗೋಣಿಯ ವಾಸನೆ, ಎಲ್ಲಿಂದಲೋ ನಲ್ಲಿ ತೊಟ್ಟಿಕ್ಕುವ ಸದ್ದು.

"ಯಾಕೆ ಅಂಕಲ್, ಎಲೆಗೆ ಸುಣ್ಣ ಜಾಸ್ತಿ ಹಚ್ತಾರಾ?" ಎಂದು ವಿಶಾಲ್ ನಕ್ಕ.

ಮುದುಕ ನಗಲಿಲ್ಲ. ಮೇಲೆ ಬಾಗಿಲು ಕಿರ್ರೆಂದದ್ದೇ ತಡ, ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿ ಕೂತುಬಿಟ್ಟ.

ಈ ವಿಶಾಲನ ಬಾಯಿಯ ಬಗ್ಗೆ ಮೊದಲೇ ಹೇಳಿಬಿಡಬೇಕು. ಇಪ್ಪತ್ತೇಳು ವರ್ಷ, ಕರಾವಳಿಯಿಂದ ಬಂದ ಮನೆಯವನಾದರೂ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವನು. ಹಗಲು ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಗಣಪತಿ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಅಪ್ಪ ತೀರಿಕೊಂಡ ಮೇಲೆ ತಾಯಿ ನಳಿನಾಕ್ಷಿಗೂ ತಂಗಿ ಮಾನಸಿಗೂ ಅವನೇ ದಿಕ್ಕು, ಮನೆಗೆ ಅವನೇ ಯಜಮಾನ. ಮಳೆಗಾಲದ ಆಟಿ ತಿಂಗಳಲ್ಲಿ ತಾಯಿ, ತೀರಿಹೋದ ಹಿರಿಯರಿಗೆ ಎಲೆ ಬಡಿಸಿ, ಕದ ಎಳೆದು ಹೊರಗೆ ಕೈಮುಗಿದು ನಿಂತರೆ, ಇವನು "ಅಮ್ಮಾ, ನಿಮ್ಮ ಮಾವನಿಗೆ ಉಪ್ಪಿನಕಾಯಿ ಮರೆತ್ರಿ!" ಎಂದು ಕೂಗುವ ಪೈಕಿ. ಅವನು ಜಗತ್ತಿನಲ್ಲಿ ಮನಸ್ಸಿಟ್ಟು ಪೂಜಿಸುತ್ತಿದ್ದುದು ಒಂದನ್ನೇ: ಹನ್ನೆರಡು ತಂತಿಯ ಗಿಟಾರ್. ಅದರಲ್ಲಿ ತಂತಿಗಳು ಜೋಡಿ ಜೋಡಿಯಾಗಿರುತ್ತವೆ. ದಪ್ಪ ತಂತಿಯ ಮಗ್ಗುಲಲ್ಲೇ ತೆಳುವಾದ ಇನ್ನೊಂದು. ಒಂದು ಸಲ ಮೀಟಿದರೆ ಇಬ್ಬರು ಒಟ್ಟಿಗೆ ಹಾಡಿದ ಹಾಗೆ ಕೇಳುತ್ತದೆ. ಎಂಟು ವರ್ಷದಿಂದ ಅವನಿಗೆ ಅದೇ ಹುಚ್ಚು, ನುಡಿಸುತ್ತಿದ್ದುದು ಮಾತ್ರ ಬಾಡಿಗೆಯದ್ದನ್ನು. ಠಾಣೆಯಲ್ಲಿ ಒಬ್ಬ ಮುದುಕಿಯ ಹತ್ತಿರ ಹಳೇ ಕಾಲದ್ದೊಂದು ಇದೆಯೆಂದು ಆರ್ಕೆಸ್ಟ್ರಾದವರು ಹೇಳಿದ ಮರುದಿನವೇ ರಜೆ ಹಾಕಿ ಬಂದಿದ್ದ.

ರತ್ನಾವತಿಯಮ್ಮನ ಕೋಣೆಯ ಕಿಟಕಿಗಳು ಮುಚ್ಚಿದ್ದವು. ಬಾಡಿದ ಮಲ್ಲಿಗೆ, ಕರ್ಪೂರ, ಹಳೇ ಮರ ಎಲ್ಲ ಸೇರಿದ ವಾಸನೆ ಗಂಟಲಿಗೇ ಇಳಿಯಿತು. ಗೋಡೆಯಲ್ಲಿ ಉದ್ದ ಕೂದಲಿನ ಒಬ್ಬ ಯುವಕನ ಫೋಟೋ, ಹಾರ ಹಾಕಿದ್ದು. ಅದರ ಕೆಳಗಿನ ಮಂಚದಲ್ಲಿ, ದಿಂಬಿನ ಮೇಲೆ ತಲೆಯಿಟ್ಟು, ಎದೆಯವರೆಗೆ ಬಿಳಿ ಪಂಚೆ ಹೊದ್ದು ಗಿಟಾರ್ ಮಲಗಿತ್ತು.

ವಿಶಾಲ್ ಪಂಚೆ ಸರಿಸಿದ. ಅಬ್ಬಾ, ಏನು ಚೆಂದ! ಮೂವತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ಮಾಲು. ಮರ ಮಾಗಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಎತ್ತಿ ಮಡಿಲಲ್ಲಿಟ್ಟು ನೋಡಿದರೆ ತಂತಿ ಹನ್ನೊಂದೇ. ಮೂರನೆಯ ಜೋಡಿಯಲ್ಲಿ ದಪ್ಪ ತಂತಿ ಒಂಟಿಯಾಗಿತ್ತು. ಇನ್ನೊಂದು ವಿಚಿತ್ರವೂ ಕಣ್ಣಿಗೆ ಬಿತ್ತು. ಬೇರೆ ಎಲ್ಲ ಗಿಟಾರಿನಲ್ಲೂ ಜೋಡಿಯಲ್ಲಿ ತೆಳು ತಂತಿ ಮೇಲೆ, ದಪ್ಪದ್ದು ಕೆಳಗೆ. ಇದರಲ್ಲಿ ಉಲ್ಟಾ.

"ನನ್ನ ಮಗ ಜಯಕರ ಹಾಗೇ ಕಟ್ಟಿಕೊಳ್ತಿದ್ದ," ಎಂದಳು ರತ್ನಾವತಿಯಮ್ಮ. "ಅವನಿಗೆ ಎಲ್ಲದರಲ್ಲೂ ತಾನು ಮುಂದೆ ಇರ್ಬೇಕು. ಲೋಕಲ್ ಟ್ರೈನಿನಲ್ಲಿ ಗಿಟಾರ್ ಒಳಗೆ ಕೊಟ್ಟು ತಾನು ಬಾಗಿಲಲ್ಲಿ ನೇತಾಡಿದ. ಕಳವಾ ಸ್ಟೇಷನ್ನಿನ ಹತ್ರ ಕಂಬ ಬಡಿದು ಹೋಗಿಬಿಟ್ಟ. ಮದುವೆ ಆಗಿರ್ಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ನಿನ್ನ ತಾಯಿಯ ಬಳಿ ಯಾವುದು ಮಗಾ?"

ಬಳಿಯೆಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬಳಿಯವರು ಮದುವೆಯಾಗುವ ಹಾಗಿಲ್ಲ. ವಿಶಾಲ್ ಹೇಳಿದ. ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿ ತಲೆಯಾಡಿಸಿದಳು.

"ಮನೆಯಲ್ಲಿ ಹೆಣ್ಣುಮಕ್ಕಳು?"

"ತಂಗಿ ಒಬ್ಬಳು. ಮಾನಸಿ."

"ಹುಟ್ಟಿದ ನಕ್ಷತ್ರ?"

"ಎಂತದಮ್ಮಾ, ನೀವು ಗಿಟಾರ್ ಮಾರ್ತಿದ್ದೀರಾ, ಹೆಣ್ಣು ನೋಡ್ತಿದ್ದೀರಾ?" ಎಂದು ಗಹಗಹಿಸಿ ನಕ್ಕು ಅದನ್ನೂ ಹೇಳಿಬಿಟ್ಟ. "ರೋಹಿಣಿ."

ಅವಳು ಒಳಗೆ ಹೋಗಿ ಒಂದು ಹರಿವಾಣ ತಂದಳು. ಅದರಲ್ಲಿ ವೀಳ್ಯದೆಲೆ, ಇಡೀ ಅಡಿಕೆ, ತೆಂಗಿನಕಾಯಿ, ಅರಿಸಿನ ಹಚ್ಚಿದ ಕಾಗದದಲ್ಲಿ ಸುತ್ತಿದ ಒಂದು ಹೊಸ ತಂತಿ. "ದುಡ್ಡು ಬೇಡ. ನನ್ನ ವೀಳ್ಯ ನೀನು ತೆಗೊ. ಇದರಲ್ಲೇ ಒಂದೆಲೆ ಒಂದಡಿಕೆ ನಿನ್ನ ಕೈಯಿಂದ ನನಗೆ ಕೊಡು. ಮನೆಯ ಯಜಮಾನ ನೀನೇ ಅಲ್ವಾ?"

ಮೆಟ್ಟಿಲ ಮೇಲಿನ ಮಾತು ವಿಶಾಲನ ತಲೆಯಲ್ಲಿ ಒಮ್ಮೆ ಹಾದುಹೋಯಿತು. ಆದರೆ ಪುಕ್ಕಟೆ! ಇಂಥ ವಸ್ತು ಪುಕ್ಕಟೆ! ಮುದುಕಿಗೆ ಅರಳುಮರುಳು, ಪಾಪ ಎಂದುಕೊಂಡ. ಎರಡೂ ಕೈಯಲ್ಲಿ ತೆಗೆದುಕೊಂಡ, ಎರಡೂ ಕೈಯಲ್ಲಿ ಕೊಟ್ಟ. ಅವಳು ಆ ಎಲೆಯನ್ನು ಕಣ್ಣಿಗೊತ್ತಿಕೊಂಡಳು.

"ಆ ತಂತಿಯನ್ನು ತಂಗಿಯ ಕೈಯಿಂದಲೇ ಕಟ್ಟಿಸು. ಹೆಣ್ಣಿನ ಕೈಗುಣ."

ಕೆಳಗೆ ಪುಂಡರೀಕಾಕ್ಷ ಅವನ ಕೈಯ ವೀಳ್ಯ ನೋಡಿ ಹಣೆ ಹಣೆ ಬಡಿದುಕೊಂಡ. ವಿಶಾಲ್ ಅವನಿಗೆ ಕಣ್ಣು ಹೊಡೆದು ಸ್ಟೇಷನ್ನಿಗೆ ನಡೆದ. ಲೋಕಲ್ ಟ್ರೈನಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಖುಷಿಗೆ ಎಲೆ ಅಡಿಕೆ ಎರಡನ್ನೂ ಬಾಯಿಗೆ ಹಾಕಿ ಜಗಿದು ಮುಗಿಸಿದ.

ಮಾನಸಿಗೆ ಇಪ್ಪತ್ತೆರಡು. ಕೋಪರಖೈರಣೆಯ ಹುಡುಗನೊಬ್ಬನ ಜೊತೆ ಮದುವೆ ನಿಶ್ಚಯವಾಗಿತ್ತು, ಆಟಿ ಕಳೆದ ಮೇಲೆ ಮುಹೂರ್ತ. ಹಳೇ ತಂತಿಯ ತುಕ್ಕು ಚುಚ್ಚಿ ಅಣ್ಣನ ಬೆರಳು ಕುಯ್ದಿದ್ದರಿಂದ ಹೊಸ ತಂತಿ ಪೋಣಿಸಲು ಅವಳೇ ಕೂತಳು.

"ಅಣ್ಣಾ, ಯೇ ಇತ್ನಾ ಪೀಲಾ ಕ್ಯೂಂ ಹೈ?" ಇಷ್ಟು ಹಳದಿ ಯಾಕೆಂದು ಹಿಂದಿಯಲ್ಲೇ ಕೇಳಿ, ಅರಿಸಿನ ಹತ್ತಿದ ಬೆರಳು ಮೂಸಿದಳು. ಬಿರಡೆಯನ್ನು ಒಂದು ಸುತ್ತು ತಿರುಗಿಸಿದಳು, ಎರಡು, ಮೂರು. ಒಂಟಿಯಾಗಿದ್ದ ದಪ್ಪ ತಂತಿಯ ಕೆಳಗೆ ತೆಳು ತಂತಿ ಬಿಗಿದು ನಿಂತಿತು. ಯಾರೂ ಮುಟ್ಟದಿದ್ದರೂ ಜೋಡಿ ಒಮ್ಮೆ ಮಿಡಿಯಿತು. ಮಾನಸಿ ನಡುಗಿ ಮೈಗೆ ಸೆರಗು ಸುತ್ತಿಕೊಂಡಳು.

ಹೊಸ ತಂತಿ ಮೊದಲ ಕೆಲವು ದಿನ ಸಡಿಲವಾಗುತ್ತದೆ, ಅದು ಯಾವ ಗಿಟಾರಿನವನಿಗೂ ಗೊತ್ತು. ಇದು ದಿನದಿನಕ್ಕೂ ಬಿಗಿಯಾಗುತ್ತಿತ್ತು. ವಿಶಾಲ್ ಸಂಜೆ ಸಡಿಲಿಸಿದರೆ ಬೆಳಿಗ್ಗೆ ದನಿ ಇನ್ನೂ ಮೇಲೇರಿರುತ್ತಿತ್ತು. ಮಳೆಯ ಹವೆಗೆ ಮರ ಉಬ್ಬಿದೆ ಎಂದ. ಮಾನಸಿ ಗಂಟಲು ಹಿಡಿಯುತ್ತಿದೆ ಎಂದಳು, ಶೀತ ಎಂದ. ಅವಳ ಕುತ್ತಿಗೆಯ ಸುತ್ತ ಕೂದಲೆಳೆಯಷ್ಟು ತೆಳು ಕೆಂಪು ಗೆರೆ ಮೂಡಿತು. ಸರ ತಾಗಿದೆ ಎಂದ. ಯಾರೂ ಹೂ ತರದ ಮನೆಯಲ್ಲಿ ಬಾಡಿದ ಮಲ್ಲಿಗೆ ನಾರತೊಡಗಿದ್ದಕ್ಕೆ ಮಾತ್ರ ಅವನಿಗೆ ಏನೂ ಹೊಳೆಯಲಿಲ್ಲ.

ಆ ಭಾನುವಾರ ಮಾನಸಿ ತನ್ನ ಬಟ್ಟಲಿನ ಮಗ್ಗುಲಲ್ಲಿ ಇನ್ನೊಂದು ಬಟ್ಟಲಿಟ್ಟು ಅನ್ನ ಬಡಿಸಿದಳು. ಹಿಂದಿ ಬಿಟ್ಟರೆ ಬೇರೆ ಮಾತು ಬಾಯಿಗೆ ಬಾರದ ಹುಡುಗಿ, ಊರ ಹೆಂಗಸರ ಮಾತಿನಲ್ಲಿ, "ಅವರು ಊಟಕ್ಕೆ ಬರುವ ಹೊತ್ತಾಯ್ತು," ಎಂದಳು. ಮಧ್ಯಾಹ್ನ ಕೋಪರಖೈರಣೆಯ ಹುಡುಗ ಬಂದರೆ ಮುಖ ತಿರುಗಿಸಿದಳು. "ಇವರು ಯಾರು? ನನ್ನನ್ನು ಕೊಟ್ಟ ಮನೆ ಬೇರೆ ಉಂಟಲ್ಲ." ಹುಡುಗ ಚಹಾ ಮುಟ್ಟದೆ ಎದ್ದುಹೋದ.

ನಳಿನಾಕ್ಷಿ ನೇರ ಮನೆಗೆ ಹೊಸದಾಗಿ ಬಂದ ವಸ್ತುವಿನ ಹತ್ತಿರ ಹೋದಳು. ಗಿಟಾರಿನ ಚೀಲ ತಡಕಿದಳು. ತೆಂಗಿನಕಾಯಿ ಸಿಕ್ಕಿತು.

"ಇದು ಯಾರು ಕೊಟ್ಟದ್ದು? ವೀಳ್ಯ ಬದಲಾಯಿಸಿದ್ಯಾ? ಬಳಿ ಕೇಳಿದ್ರಾ? ಇವಳ ಹೆಸರು ಕೇಳಿದ್ರಾ?"

ವಿಶಾಲ್ ಎಲ್ಲದಕ್ಕೂ ಹೂಂ ಎಂದ. ಅವಳು ಆ ಕಾಯಿಯನ್ನು ಅವನ ಮುಖದೆದುರು ಹಿಡಿದಳು.

"ನಿಶ್ಚಯ ಮಾಡಿ ಬಂದಿದ್ದೀಯಲ್ಲೋ! ಮದುವೆಯಾಗದೆ ಸತ್ತವರಿಗೆ ಆಟಿಯಲ್ಲಿ ಮದುವೆ ಮಾಡುವ ಕ್ರಮ ನಮ್ಮಲ್ಲಿ ಉಂಟು. ಆದ್ರೆ ಸತ್ತವರಿಗೆ ಸತ್ತವರನ್ನೇ ಹುಡುಕಬೇಕು ಮಗಾ. ಬದುಕಿದವಳನ್ನು ಯಾರೂ ಕೇಳುದಿಲ್ಲ. ಇದು ಕ್ರಮ ಅಲ್ಲ, ಮಾಟ. ನಾಳೆ ಆಟಿ ಅಮಾವಾಸ್ಯೆ. ಕರ್ಕೊಂಡು ಹೋಗ್ಲಿಕ್ಕೆ ಬರ್ತಾನೆ ಅವನು!"

ಮರುದಿನ ವಿಶಾಲ್ ಠಾಣೆಗೆ ಓಡಿದ. ನಗುವ ಬಾಯಿ ಒಣಗಿಹೋಗಿತ್ತು. ರತ್ನಾವತಿಯಮ್ಮ ಫೋಟೋಕ್ಕೆ ಹೊಸ ಪೇಟ ಕಟ್ಟುತ್ತಿದ್ದಳು. ಒಳಗೆ ತುಪ್ಪದ ಅಡಿಗೆಯ ಘಮ.

"ಗಿಟಾರ್ ವಾಪಸ್ ತಂದು ಕೊಡ್ತೇನೆ, ತೆಗೊಳ್ಳಿ ಅಮ್ಮಾ. ಕಾಲಿಗೆ ಬೀಳ್ತೇನೆ."

"ಕೊಟ್ಟ ವೀಳ್ಯ ವಾಪಸ್ ಕೊಡು. ಬಿಟ್ಟುಬಿಡ್ತೇನೆ." ಅವಳು ತಿರುಗಿಯೂ ನೋಡಲಿಲ್ಲ. "ಎಲ್ಲುಂಟು? ತಿಂದ್ಯಾ?"

ವಿಶಾಲ್ ಮೆಟ್ಟಿಲಿಳಿದು ಪುಂಡರೀಕಾಕ್ಷನ ಕಾಲ ಬಳಿ ಕೂತು ಅತ್ತುಬಿಟ್ಟ. ಮುದುಕ ಮೇಲೊಮ್ಮೆ ನೋಡಿ ಅವನ ಕಿವಿಗೆ ಬಾಯಿಟ್ಟ.

"ದಪ್ಪದ್ದು ನಮ್ಮ ಜಯಕರ. ತೆಳುವಾದದ್ದು ನಿನ್ನ ತಂಗಿ. ದಪ್ಪದ್ದನ್ನು ಕತ್ತರಿಸು, ಅವಳು ಬದುಕ್ತಾಳೆ. ದೀಪ ಹಚ್ಚುವ ಮೊದ್ಲು. ಓಡು!"

ಮಳೆ ಹಿಡಿದುಕೊಂಡಿತ್ತು. ದಿವಾ ಸ್ಟೇಷನ್ನಿನ ಹತ್ತಿರ ಹಳಿಗೆ ನೀರು ಬಂದು ಟ್ರೈನು ನಿಂತಿತು, ಮನೆಗೆ ಫೋನೂ ಹತ್ತಲಿಲ್ಲ. ಅರ್ಧ ಗಂಟೆ. ಒಂದು ಗಂಟೆ. ವಿಶಾಲ್ ಹಳಿಗೆ ಹಾರಿ, ಮೊಣಕಾಲುದ್ದ ನೀರಿನಲ್ಲಿ ಜಲ್ಲಿಕಲ್ಲು ಎಡವುತ್ತ ಡೊಂಬಿವಲಿಯವರೆಗೂ ನಡೆದ, ಓಡಿದ. ಮನೆಯ ಬೀದಿಗೆ ಬಂದಾಗ ಮೋಡಕ್ಕೆ ಹೊತ್ತೇ ತಿಳಿಯುತ್ತಿರಲಿಲ್ಲ. ಕರೆಂಟ್ ಹೋಗಿತ್ತು.

ಬಾಗಿಲು ತೆರೆದರೆ ಮಲ್ಲಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಕಪ್ಪು ಕತ್ತಲು. ಆ ಕತ್ತಲಲ್ಲಿ ಕೀಂ ಎನ್ನುವ ಒಂದೇ ಸಣ್ಣ ದನಿ. ತಂತಿ ತಾನಾಗಿ ಬಿಗಿಯುತ್ತಿತ್ತು. ಬಿರಡೆ ಕಟ್ ಕಟ್ ಎಂದು ತಿರುಗುತ್ತಿತ್ತು.

"ಬಂದ್ಯಾ ಮಗಾ! ಇವಳಿಗೆ ಉಸಿರಿಲ್ಲ! ಎಂತಾದ್ರೂ ಮಾಡು!" ನಳಿನಾಕ್ಷಿ ಮೂಲೆಯಿಂದ ಚೀರಿದಳು.

ಮಾನಸಿ ತಾಯಿಯ ಮಡಿಲಲ್ಲಿ ಕಾಲು ಬಡಿಯುತ್ತಿದ್ದಳು. ಬಳೆ ನೆಲಕ್ಕೆ ತಾಗಿ ಒಡೆಯುತ್ತಿತ್ತು. ಗಂಟಲಿನಿಂದ ಬರುತ್ತಿದ್ದ ದನಿಯೂ ತಂತಿಯ ದನಿಯೂ ಒಂದೇ ಆಗಿತ್ತು.

ಮೇಜಿನ ಖಾನೆ. ಇಕ್ಕಳ. ಸಿಕ್ಕಿತು. ಗಿಟಾರ್ ಎಳೆದು ಮಡಿಲಿಗೆ ಹಾಕಿಕೊಂಡ. ಮರ ಮಂಜುಗಡ್ಡೆ. ಹಿಂದೆ ಯಾರೋ ಬಾಗಿದ್ದರು. ಉದ್ದ ಕೂದಲು ಅವನ ಕೆನ್ನೆ ಸವರಿತು. ತಿರುಗಲಿಲ್ಲ. ಮೊದಲ ಜೋಡಿ. ಎರಡನೆಯದು. ಮೂರನೆಯದು. ಇದೇ. ದಪ್ಪದ್ದು ಯಾವುದು? ಬೆರಳು ಮರಗಟ್ಟಿತ್ತು. ಕುಯ್ದ ಬೆರಳಿಗೆ ಏನೂ ತಿಳಿಯಲಿಲ್ಲ. ಮಾನಸಿಯ ಕಾಲ ಬಡಿತ ನಿಧಾನವಾಯಿತು. ಯೋಚನೆಗೆ ಹೊತ್ತಿಲ್ಲ. ಎಂಟು ವರ್ಷ ಹನ್ನೆರಡು ತಂತಿ ಮೀಟಿದ ಕೈಗೆ ಗೊತ್ತಿದ್ದದ್ದು ಒಂದೇ. ಮೇಲಿನದು ತೆಳು. ಕೆಳಗಿನದು ದಪ್ಪ. ಇಕ್ಕಳ ಕೆಳಗಿನದನ್ನು ಕಚ್ಚಿತು. ಒತ್ತಿದ.

ಟಣ್.

ಎಲ್ಲ ಸದ್ದೂ ನಿಂತಿತು. ಕಾಲಿನ ಸದ್ದೂ. ಬಳೆಯ ಸದ್ದೂ.

"ಮಾನಸಿ?" ಎಂದಳು ತಾಯಿ. "ಮಾನಸೀ?"

ಅವನ ಮಡಿಲಲ್ಲಿ ಉಳಿದಿದ್ದ ತಂತಿ ತಾನಾಗಿ ಮಿಡಿಯಿತು. ದಪ್ಪ ದನಿ, ಗಂಡು ದನಿ, ತೃಪ್ತಿಯಾಗಿ, ಬಹಳ ಹೊತ್ತು. ಈ ಗಿಟಾರಿನಲ್ಲಿ ಜೋಡಿ ಉಲ್ಟಾ ಎನ್ನುವುದು ವಿಶಾಲನಿಗೆ ನೆನಪಾದದ್ದು ಆಗ.

ಉಸಿರು ಕಟ್ಟಿದ್ದಕ್ಕೆ ಡಾಕ್ಟರರಿಗೆ ಕಾರಣ ಸಿಗಲಿಲ್ಲ. ಕುತ್ತಿಗೆಯಲ್ಲಿ ಗೆರೆಯೂ ಇರಲಿಲ್ಲ.

ವರ್ಷ ಕಳೆದು ಮತ್ತೆ ಆಟಿ ಬಂತು. ವಿಶಾಲ್ ಆಮೇಲೆ ಯಾವ ಗಿಟಾರನ್ನೂ ಮುಟ್ಟಿರಲಿಲ್ಲ. ಆ ಗಿಟಾರನ್ನು ಎರಡು ಸಲ ಊರಾಚೆಯ ಖಾಡಿಯ ಹಿನ್ನೀರಿಗೆ ಎಸೆದು ಬಂದ. ಎರಡು ಸಲವೂ ಬೆಳಿಗ್ಗೆ ಒದ್ದೆಯಾಗಿ ಬಾಗಿಲಲ್ಲಿ ಒರಗಿತ್ತು. ನಳಿನಾಕ್ಷಿ ಬರಬರುತ್ತ ಕಡ್ಡಿಯಾಗಿದ್ದಳು. ಅವಳ ಬಾಯಲ್ಲಿ ಒಂದೇ ಮಾತು, "ನನ್ನ ಮಗು ಅಲ್ಲಿ ಒಬ್ಬಳೇ ಇದ್ದಾಳಲ್ಲ."

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ರತ್ನಾವತಿಯಮ್ಮ ನಿಂತಿದ್ದಳು. ಕೈಯಲ್ಲಿ ಹರಿವಾಣ. ಅದರಲ್ಲಿ ವೀಳ್ಯ, ತೆಂಗಿನಕಾಯಿ, ಹಸಿರು ಸೀರೆ, ಬಳೆ. ಹಿಂದೆ ಪುಂಡರೀಕಾಕ್ಷ ನೆಲ ನೋಡುತ್ತಿದ್ದ.

"ಈಗ ಕ್ರಮ ಪ್ರಕಾರವೇ ಕೇಳ್ಲಿಕ್ಕೆ ಬಂದಿದ್ದೇವೆ," ಎಂದಳು. "ಸತ್ತವನಿಗೆ ಸತ್ತವಳನ್ನು."

"ಅಮ್ಮಾ, ಬಾಗಿಲು ಹಾಕಿ!" ವಿಶಾಲ್ ಕಿರುಚಿದ. "ಮಾನಸಿಯನ್ನು ಕೊಂದವಳು ಇವಳೇ!"

ನಳಿನಾಕ್ಷಿ ಮಗನ ಕೈಗಳನ್ನು ನೋಡಿದಳು. "ಕತ್ತರಿಸಿದ್ದು ಯಾರು ಮಗಾ?" ಎಂದು ಮೆಲ್ಲಗೆ ಕೇಳಿದಳು.

ಅವಳು ಸೆರಗಿನಲ್ಲಿ ಕಣ್ಣೊರಸಿಕೊಂಡು ಚಾಪೆ ಹಾಸಿದಳು. ಬಂದವರಿಗೆ ನೀರು ಬೆಲ್ಲ ತಂದಿಟ್ಟಳು. ಎದುರು ಕೂತು, ಹೆಣ್ಣು ಹೆತ್ತವರು ಮೊದಲು ಕೇಳುವ ಮಾತನ್ನೇ ಕೇಳಿದಳು:

"ನಿಮ್ಮ ಬಳಿ ಯಾವುದು?"