ಸರದಿ ಬಿಟ್ಟುಕೊಟ್ಟವನು

"ಬ್ರೂಸಾರ್ಡ್‌ಗೋಸ್ಕರ ಮೂರು ವರ್ಷದ ಸರದಿ ಕೊಟ್ಬಿಡ್ಬೇಕಂತೆ. ತಲೆಗಿಲೆ ಕೆಟ್ಟಿದೆಯಾ ನಿಂಗೆ?" ಎಂದ ಎಮಿಲ್.

ಬಾರಿನೊಳಗೆ ಕಾಲಿಟ್ಟ ನೆರೈದಾ ಇನ್ನೂ ಕೋಟು ಕೂಡ ಬಿಚ್ಚಿರಲಿಲ್ಲ. ಅವಳಿಗಾಗಿ ಅವನು ಎಂದಿನಂತೆ ಪಕ್ಕದ ಸ್ಟೂಲಿನ ಮೇಲೆ ತನ್ನ ಟೋಪಿ ಇಟ್ಟಿದ್ದ. ಅವಳು ಅದನ್ನೆತ್ತಿ ಅವನ ತಲೆಯ ಮೇಲೆ ಕುಕ್ಕಿ ಕೂತಳು.

"ಬಂದ್ಯಾ, ಹೇಗಿದೀಯ, ಏನೂ ಇಲ್ಲ. ನನ್ ಮೆಸೇಜ್ ಓದಿ ಬೆಳಿಗ್ಗೆಯಿಂದ ಕುದೀತಾ ಕೂತಿದೀಯ ಅಲ್ವಾ?"

"ಕುದೀದೆ ಏನ್ಮಾಡ್ಲಿ? ಒಬ್ಬ ಹುಡುಗನಿಗೋಸ್ಕರ ಇರೋದನ್ನೆಲ್ಲ ಬಿಟ್ಕೊಡು ಅಂತೀಯಲ್ಲ."

ಅಮೆರಿಕದ ಎರೀ ಸರೋವರದ ದಡದ ಲೊರೇನ್ ಊರಿನಲ್ಲಿ ಏಪ್ರಿಲ್ ಕೊನೆಯ ಆ ಗುರುವಾರ ಹಬ್ಬಕ್ಕಿಂತ ಹೆಚ್ಚು. ಚೆಂಡನ್ನು ಕೈಯಿಂದ ಎಸೆದಾಡುವ ಅಮೆರಿಕನ್ ಫುಟ್‌ಬಾಲಿನ ತಂಡಗಳು ಕಾಲೇಜು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಡ್ರಾಫ್ಟ್ ದಿನ ಅದು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಸಾಲಿನಲ್ಲಿ ಮುಂದೆ ಹೋಗಬೇಕೆಂದರೆ, ಮುಂದಿರುವವರಿಗೆ ನಿಮ್ಮ ಬರುವ ವರ್ಷಗಳ ಸರದಿಗಳನ್ನು ಧಾರೆ ಎರೆಯಬೇಕು. ನಮ್ಮ ತಂಡದ್ದು ಈ ಸಲ ಹನ್ನೊಂದನೇ ಸರದಿ. ಸೋಲುವುದರಲ್ಲಾದರೂ ನಮ್ಮವರು ಮೊದಲ ಸ್ಥಾನ ಗಳಿಸಬಾರದಿತ್ತೇ? ಲೂಸಿಯಾನದ ಬ್ರೂಸಾರ್ಡ್ ಎಂಬ ಚೆಂಡೆಸೆಯುವ ಹುಡುಗ ಬೇಕೆಂದರೆ ಎರಡನೇ ಸರದಿಗೆ ಹಾರಬೇಕು. ಹಾರಬೇಕೋ ಬೇಡವೋ ಎಂದು ಊರು ಎರಡಾಗಿತ್ತು. ಇದೇ ಮಾತಿಗೆ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗಿದ್ದೂ ಉಂಟು.

"ಆ ಹುಡುಗ ಎಸೆದ್ರೆ ಚೆಂಡು ಬಂದು ಅಂಗೈಯಲ್ಲೇ ಕೂರುತ್ತೆ," ಎಂದಳು ನೆರೈದಾ.

"ಮಂಡಿ ಆಗ್ಲೇ ಒಂದ್ಸಲ ಮುರ್ದಿದೆ."

"ಒಂದ್ಸಲ ಮುರಿದು ಕೂಡಿದ್ದು ಗಟ್ಟಿಯಾಗಿರುತ್ತೆ ಕಣೋ."

"ಯಾವ ಡಾಕ್ಟ್ರು ಹೇಳಿದ್ದು?"

"ಡೈವೋರ್ಸ್ ಆದೋಳು ಹೇಳ್ತಿದೀನಿ. ಕೇಳು."

ಎಮಿಲ್ ನಕ್ಕ. ನಗುವಾಗ ಅವನು ಮೊದಲು ಕೆಳಗೆ ನೋಡುತ್ತಿದ್ದ, ಆಮೇಲೆ ಓರೆಗಣ್ಣಿನಲ್ಲಿ ಅವಳನ್ನು. ಆ ಓರೆನೋಟಕ್ಕಾಗಿ ಅವಳು ಆರು ಚಳಿಗಾಲ ಜೋಕು ಹೊಡೆದಿದ್ದಳು. ಇವತ್ತೂ ಅದು ಬಂತು, ಬಂದು ನೇರವಾಗಿ ಎದೆಗೇ ತಾಗಿತು. ಇದೇ ಕೊನೆಯದಿರಬಹುದು ಎಂದುಕೊಂಡು ಅವಳು ಬಿಯರ್ ಗ್ಲಾಸು ಹಿಡಿದಳು.

"ನಂಗೆ ಆ ಅಯೋವಾ ಹುಡುಗ ಸಾಕು," ಎಂದ ಎಮಿಲ್. "ಮುಂದೆ ನಿಂತು ತಡೀತಾನಲ್ಲ, ಆ ದಪ್ಪನೆಯವನು. ಯಾರಿಗೂ ಏನೂ ಕೊಡೋದು ಬೇಡ. ಹನ್ನೊಂದನೇ ಸರದಿ ತನಕ ಅವನಾಗೇ ಉಳೀತಾನೆ. ಕಾದ್ರೆ ಸಾಕು."

"ಕಾದ್ರೆ ಸಾಕು," ಎಂದಳು ನೆರೈದಾ. ನಗಬೇಕೆಂದಿದ್ದಳು, ಆಗಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಊರು ಬಿಡುತ್ತಿದ್ದಳು. ಎರೀ ಸರೋವರದ ಗಾಳಿ ಅವಳ ಅಮ್ಮನ ಮಂಡಿಗಳನ್ನು ತಿಂದುಹಾಕಿತ್ತು. ಫ್ಲಾರಿಡಾದ ಟ್ಯಾಂಪಾದಲ್ಲಿರುವ ತಂಗಿ ಹಿತ್ತಿಲಲ್ಲಿ ಒಂದು ಕೋಣೆ ಕಟ್ಟಿಸಿದ್ದಳು. ಇಬ್ಬರೂ ಬನ್ನಿ ಎಂದಿದ್ದಳು. ಅಮ್ಮನನ್ನು ಅಲ್ಲಿ ಬಿಟ್ಟು ಬಂದು ತಾನು ಇಲ್ಲೇ ಸ್ಕೂಲ್ ಬಸ್ಸು ಓಡಿಸಿಕೊಂಡಿರಬಹುದಿತ್ತು. ಇರು ಎಂದು ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು.

ಹೇಳಬೇಕಾದವನಿಗೇ ಮೊದಲು ತಿಳಿಸಲು ಹೋಗಿದ್ದಳು. ಎಮಿಲ್ ಬ್ಲ್ಯಾಕ್ ನದಿಯ ಎತ್ತುವ ಸೇತುವೆ ನೋಡಿಕೊಳ್ಳುತ್ತಾನೆ. ಹಡಗು ಬಂದು ಹಾರ್ನ್ ಹೊಡೆದರೆ ಸೇತುವೆ ಎತ್ತುತ್ತಾನೆ, ಹೋದ ಮೇಲೆ ಇಳಿಸುತ್ತಾನೆ. ಬಸ್ಸು ತುಂಬ ಮಕ್ಕಳನ್ನಿಟ್ಟುಕೊಂಡು ಆ ಸೇತುವೆಯ ಮುಂದೆ ಸಿಕ್ಕಿಬಿದ್ದು ಅವನನ್ನು ಬೈದದ್ದೇ ಅವರ ಮೊದಲ ಪರಿಚಯ. ಈ ಸಲ ಅವಳು ಅವನ ಗಾಜಿನ ಗೂಡಿನ ತನಕ ಮೆಟ್ಟಿಲು ಹತ್ತಿ, ಟ್ಯಾಂಪಾಕ್ಕೆ ಹೋಗ್ತಿದೀನಿ, ವಾಪಸ್ ಬರಲ್ಲ ಅನ್ಸುತ್ತೆ ಎಂದಿದ್ದಳು. ಅವನು ನದಿಯನ್ನೇ ನೋಡುತ್ತ, "ಅಲ್ಲಿ ಬಿಸಿಲು ಚೆನ್ನಾಗಿರುತ್ತೆ," ಎಂದಿದ್ದ.

ಅಷ್ಟೇ. ಆ ಮಾತನ್ನು ಅವಳು ಪಾತ್ರೆ ಕಟ್ಟುವಾಗ ನೆನೆದು ಅತ್ತಿದ್ದಳು, ಪರದೆ ಬಿಚ್ಚುವಾಗ ನೆನೆದು ಬೈದಿದ್ದಳು.

ಬಾರಿನಲ್ಲಿ ಒಮ್ಮೆಲೇ ಗದ್ದಲವೆದ್ದಿತು. ಟಿವಿಯಲ್ಲಿ ಸೂಟು ಹಾಕಿದವನೊಬ್ಬ ಚೀಟಿ ಹಿಡಿದು ನಿಂತಿದ್ದ. ನಮಗಿಂತ ಹಿಂದಿದ್ದ ಯಾವುದೋ ತಂಡ ಮೂರು ವರ್ಷದ ಸರದಿ ಕೊಟ್ಟು ಎರಡನೇ ಸ್ಥಾನಕ್ಕೆ ಹಾರಿತ್ತು. ಬ್ರೂಸಾರ್ಡ್ ಅವರ ಪಾಲಾದ. ಹುಡುಗ ತಾಯಿಯನ್ನು ತಬ್ಬಿಕೊಂಡು ಅಳುತ್ತಿದ್ದ. ಬಾರಿನಲ್ಲಿ ಅರ್ಧ ಜನ ತಲೆ ಮೇಲೆ ಕೈ ಹೊತ್ತರು.

"ನೋಡ್ದ್ಯಾ?" ನೆರೈದಾಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಬೇಕು ಅಂತ ಬಾಯಿಬಿಟ್ಟು ಕೇಳಿದೋರಿಗೆ ಸಿಕ್ದ."

"ಆ ಬೆಲೆಗೆ ನಮಗೆ ಬೇಡ್ವಾಗಿತ್ತು ಬಿಡು," ಎಂದ ಎಮಿಲ್ ಮೆಲ್ಲಗೆ.

"ಬೇಡ್ವಾಗಿತ್ತಾ? ಪ್ರತಿ ವರ್ಷ ಮುಂದಿನ ವರ್ಷ, ಮುಂದಿನ ವರ್ಷ ಅಂತೀರ. ಕೂಡಿಟ್ಟು ಕೂಡಿಟ್ಟು ಏನ್ಮಾಡ್ತೀರ ಆ ಸರದಿಗಳ್ನ? ಉಪ್ಪಿನಕಾಯಿ ಹಾಕ್ತೀರಾ?"

ಅವನು ಗ್ಲಾಸಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಲೇ ಇದ್ದ. ಅವಳ ಸಿಟ್ಟು ಇಳಿಯಲಿಲ್ಲ.

"ಟಿವಿಯವರು ಕಾಯ್ಲಿ. ನಮ್ಮದು ಮುಗಿಸೋಣ ಬನ್ರಪ್ಪ," ಎನ್ನುತ್ತ ಬಾರಿನ ಒಡತಿ ವಾಂಡಾ ಹೆಸರಿನ ಚೀಟಿಗಳಿದ್ದ ಹಳೆಯ ಹೆಲ್ಮೆಟ್ ತಂದು ಮುಂದಿಟ್ಟಳು.

ಇದು ಅವರ ಸ್ವಂತ ಡ್ರಾಫ್ಟು. ಕ್ರೀಡಾಂಗಣದಲ್ಲಿ ಅಕ್ಕಪಕ್ಕದ ಎರಡು ಸೀಟುಗಳು, ಸೀಸನ್ ಪೂರ್ತಿ ಓಡೆಲ್ ಹೆಸರಿನಲ್ಲಿದ್ದವು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಓಡೆಲ್, ವಾಂಡಾ, ಎಮಿಲ್, ನೆರೈದಾ, ಈ ನಾಲ್ವರು ಅದರ ಪಾಲುದಾರರು. ತವರಿನಲ್ಲಿ ಆಡುವ ಪಂದ್ಯಗಳನ್ನು ತಲೆಗೆ ಎರಡರಂತೆ ಸರದಿಯ ಮೇಲೆ ಆರಿಸಿಕೊಳ್ಳುತ್ತಿದ್ದರು. ಪಂದ್ಯ ಪಡೆದವರು ಎರಡನೇ ಸೀಟಿಗೆ ಯಾರನ್ನಾದರೂ ಕರೆದೊಯ್ಯಬಹುದು. ಎಮಿಲ್ ಪ್ರತಿ ಸಲ, "ಒಂದು ಸೀಟು ಹೆಚ್ಚಿದೆ, ಬೇರೆ ಕೆಲ್ಸ ಇಲ್ದಿದ್ರೆ ಬಾ," ಎನ್ನುತ್ತಿದ್ದ. ತನ್ನ ಪಂದ್ಯಗಳಿಗೆ ಅವಳೂ ಅವನಿಗೆ ಅದನ್ನೇ ಹೇಳುತ್ತಿದ್ದಳು. ಹಾಗೆ ವರ್ಷಕ್ಕೆ ನಾಲ್ಕು ಭಾನುವಾರದ ಮಧ್ಯಾಹ್ನ ಒಂದೇ ಕಂಬಳಿಯೊಳಗೆ ನಾಲ್ಕು ಮಂಡಿ. ಅವಳು ಕರಿದು ತಂದ ಮಾಂಸದ ಕಡುಬು, ಅವನ ಫ್ಲಾಸ್ಕಿನ ಕಾಫಿ. ತಂಡ ಸೋಲುತ್ತಿತ್ತು, ಅವಳಿಗೆ ಆಟ ಮುಗಿಯುವುದೇ ಬೇಡವಾಗಿತ್ತು.

ಊರು ಬಿಡುವವಳಾದ್ದರಿಂದ ಈ ಸಲ ಅವಳ ಪಾಲು ಓಡೆಲ್‌ಗೆ ಹೋಗಿತ್ತು. ಹೆಲ್ಮೆಟ್ಟಿನಿಂದ ಮೊದಲ ಸರದಿ ಬಂದದ್ದೂ ಅವನಿಗೇ. ಎಮಿಲ್‌ಗೆ ಕೊನೆಯದು.

"ಪಿಟ್ಸ್‌ಬರ್ಗ್ ಪಂದ್ಯ ಅಂತ ಬರ್ಕೊಳ್ಲಾ?" ಎಂದಳು ವಾಂಡಾ. ಓಡೆಲ್ ಹುಟ್ಟಿದಾಗಿನಿಂದ ಆರಿಸಿದ್ದು ಹಳೆಯ ವೈರಿಗಳ ಆ ಪಂದ್ಯವನ್ನೇ.

ಓಡೆಲ್ ಗಡ್ಡ ಕೆರೆದುಕೊಂಡ. ಎಮಿಲ್‌ನನ್ನು ನೋಡಿದ, ಆಮೇಲೆ ನೆರೈದಾಳನ್ನು. "ವಯಸ್ಸಾಯ್ತು ವಾಂಡಾ. ಆ ಗಲಾಟೆ ಬೇಡ ಅನ್ಸುತ್ತೆ. ಈ ಸಲ ಟ್ಯಾಂಪಾದವರು ಬರ್ತಾರಲ್ಲ, ಅದನ್ನ ತಗೊಳ್ಳೋಣ ಅಂತಿದೀನಿ."

"ಅದು ಬೇಡ," ಎಂದ ಎಮಿಲ್.

"ಯಾಕಪ್ಪ?"

"ಅದು ನಂಗೆ ಬೇಕು. ನಿಮ್ ಸರದಿ ನಂಗೆ ಕೊಡಿ. ಈ ವರ್ಷದ ನಂದೆರಡೂ ತಗೊಳ್ಳಿ."

"ಅಷ್ಟಕ್ಕಾ? ಮೊದಲ್ನೇ ಸರದಿ ಮಗನೇ ಇದು."

"ಮುಂದಿನ ವರ್ಷದ್ದೆರಡೂ."

ಓಡೆಲ್ ಸಾಲದು ಎಂಬಂತೆ ತಲೆಯಾಡಿಸಿದ.

"ಅದರಾಚೆ ವರ್ಷದ್ದೂ. ಎಲ್ಲಾ ತಗೊಳ್ಳಿ. ಆ ಒಂದು ಪಂದ್ಯ ನಂಗೆ ಬಿಡಿ," ಎಂದ ಎಮಿಲ್, ಸ್ಟೂಲಿನಿಂದ ಎದ್ದು ನಿಂತು.

ಟಿವಿಯ ಮುಂದಿದ್ದವರೂ ತಿರುಗಿದರು. ಚಿಲ್ಲರೆ ವಸ್ತುವಿಗೂ ಚೌಕಾಸಿ ಮಾಡುವವನು, ನಮ್ಮ ತಂಡ ಮೇಲೇರಲು ಹೋದರೆ ದೇಶಾಂತರ ಹೋಗುತ್ತೇನೆ ಎಂದವನು, ಯಾರೂ ಮೂಸಿಯೂ ನೋಡದ ಪಂದ್ಯಕ್ಕೆ ತನ್ನದನ್ನೆಲ್ಲ ಸುರಿದಿದ್ದ. ಸುಮ್ಮನೆ ಕೂತಿದ್ದರೆ ಅದು ಕೊನೆಯ ಸರದಿಗೂ ಉಳಿಯುತ್ತಿತ್ತೋ ಏನೋ. ಕೂರಲು ಅವನಿಂದ ಆಗಿರಲಿಲ್ಲ.

"ಕೈ ಕೊಡು," ಎಂದ ಓಡೆಲ್.

ಎಮಿಲ್ ಕೈ ಕುಲುಕಿ ನೆರೈದಾಳತ್ತ ತಿರುಗಿದ. ಎಲ್ಲ ಹೇಳಿ ಮುಗಿಸಿದವನಂತೆ ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಒಂದು ಸೀಟು ಹೆಚ್ಚಿದೆ," ಎಂದ. "ಬರ್ತೀಯಲ್ಲ?"

"ಯಾವತ್ತು?"

"ತಾರೀಖು ಇನ್ನೂ ಗೊತ್ತಿಲ್ಲ. ಯಾರ್ಯಾರು ಬರ್ತಾರೆ ಅಂತಷ್ಟೇ ಗೊತ್ತು. ವೇಳಾಪಟ್ಟಿ ಮುಂದಿನ ತಿಂಗ್ಳು ಬಿಡ್ತಾರೆ. ಸೆಪ್ಟೆಂಬರ್ ಆಗ್ಬಹುದು, ಜನವರಿ ಆಗ್ಬಹುದು."

ಅವಳು ಕೋಟು ಎತ್ತಿಕೊಂಡು ಹೊರಗೆ ನಡೆದಳು.

ಹೊರಗೆ ಸಂಜೆಯ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಸರೋವರದ ಕಡೆಯಿಂದ ಗಾಳಿ ಚುಚ್ಚುತ್ತಿತ್ತು. ಕಾರಿನ ಬೀಗದ ಕೈ ಹುಡುಕುತ್ತ ಅವಳು ಜೇಬನ್ನೆಲ್ಲ ತಡಕಾಡಿದಳು, ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಹಿಂದೆ ಎಮಿಲ್‌ನ ಹೆಜ್ಜೆ ಕೇಳಿತು.

"ನಾನೇನು ತಪ್ಪು ಮಾಡ್ದೆ? ಎಲ್ಲಾ ಕೊಟ್ನಲ್ಲ," ಎಂದ.

"ಓಡೆಲ್‌ಗೆ ಕೊಟ್ಟೆ," ಅವಳು ತಿರುಗಿ ನಿಂತಳು. "ನಂಗೇನು ಕೊಟ್ಟೆ? ಜನವರಿನಾ? ನೀನು ನನ್ ಮುಖ ಯಾವಾಗ ನೋಡ್ತೀಯ ಅನ್ನೋದನ್ನ ಆ ವೇಳಾಪಟ್ಟಿ ಆಫೀಸಿನವರು ತಾರೀಖು ಹಾಕಿ ಹೇಳ್ಬೇಕಾ? ಶನಿವಾರ ಹೋಗ್ತಿದೀನಿ ಕಣೋ. ನಾಡಿದ್ದು. ನಂಗೆ ಪಂದ್ಯ ಬೇಡ. ಒಂದು ಮಾತು ಬೇಕಿತ್ತು."

"ನಿಂಗೆ ಅರ್ಥ ಆಗುತ್ತೆ ಅನ್ಕೊಂಡಿದ್ದೆ."

"ಆಗುತ್ತೆ. ಆರು ವರ್ಷದಿಂದ ಎಲ್ಲಾ ನಾನೇ ಅರ್ಥ ಮಾಡ್ಕೊಂಡು, ನಾನೇ ನಗ್ಸಿ, ನಾನೇ ಸುಸ್ತಾದೆ. ಬೇಡ ಬಿಡು. ಬಿಸಿಲು ಚೆನ್ನಾಗಿರುತ್ತೆ ಅಲ್ಲಿ."

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವನು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಂಡಿದ.

"ಅವತ್ತು ನೀನು ಮೆಟ್ಟಿಲಿಳಿದು ಹೋದ್ಮೇಲೆ ಒಂದು ಹಡಗು ಬಂತು," ಎಂದ. "ಹಾರ್ನ್ ಹೊಡೀತು. ನಂಗೆ ಕೇಳಿಸ್ಲೇ ಇಲ್ಲ. ಇಷ್ಟು ವರ್ಷದಲ್ಲಿ ಹಂಗಾಗಿದ್ದಿಲ್ಲ. ಬೈಸ್ಕೊಂಡೆ. ನಂಗೆ ಗೊತ್ತಿರೋದು ಇಷ್ಟೇ ನೆರೈದಾ. ಯಾರಾದ್ರೂ ಹಾರ್ನ್ ಹೊಡೀಬೇಕು, ಆಮೇಲೆ ನಾನು ಎತ್ತಬೇಕು."

"ಆರು ವರ್ಷದಿಂದ ಹೊಡೀತಿದೀನಿ. ನಿಂಗೆ ಕಿವುಡು."

"ಕಿವುಡಲ್ಲ. ಭಯ," ಎಂದ ಎಮಿಲ್. "ಕೇಳಿಬಿಟ್ರೆ, ನೀನು ಇಲ್ಲ ಅಂದ್ರೆ, ಆ ನಾಲ್ಕು ಮಧ್ಯಾಹ್ನಾನೂ ಹೋಗುತ್ತಲ್ಲ ಅಂತ. ಅಷ್ಟನ್ನಾದ್ರೂ ಉಳಿಸ್ಕೊಳ್ಳೋಣ ಅಂತ ಸುಮ್ನಿದ್ದೆ. ನೀನಂದ್ರೆ ನಂಗೆ ಪ್ರಾಣ. ಮೊದಲ್ನೇ ದಿನ ಬಸ್ಸಿಂದ ತಲೆ ಹೊರಗೆ ಹಾಕಿ ಬೈದ್ಯಲ್ಲ, ಅವತ್ತಿಂದ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಹೋಗ್ಬೇಡ ಅನ್ನಲ್ಲ," ಎಂದ ಎಮಿಲ್. "ನಿಮ್ಮಮ್ಮನ ಮಂಡಿಗೆ ಬಿಸಿಲು ಬೇಕು. ನನ್ನನ್ನೂ ಕರ್ಕೊಂಡು ಹೋಗು."

"ಯಾವಾಗ? ಹಡಗಿನ ಸೀಸನ್ ಮುಗೀಲಿ ಅಂತೀಯ. ಆಮೇಲೆ ಹಿಮ ಕರಗ್ಲಿ ಅಂತೀಯ."

"ಶನಿವಾರ. ನಾಳೆ ಕೆಲ್ಸ ಬಿಟ್ಟೆ ಅಂತ ಹೇಳ್ತೀನಿ. ಬಾಡಿಗೆ ಲಾರಿ ನಾನು ಓಡಿಸ್ತೀನಿ."

"ಲಾರಿ ನಾನು ಓಡಿಸ್ತೀನಿ," ಎಂದಳು ಅವಳು. ದನಿ ಒಡೆದಿತ್ತು. "ನಿಂಗೆ ರಿವರ್ಸ್ ಹೊಡೆಯೋಕೆ ಬರಲ್ಲ. ನೀನು ಕಾರಲ್ಲಿ ಅಮ್ಮನ್ನ ಕರ್ಕೊಂಡು ಬಾ. ಇಷ್ಟು ವರ್ಷ ಏನ್ಮಾಡ್ತಿದ್ದೆ ಅಂತ ಜಾರ್ಜಿಯಾ ದಾಟೋವರೆಗೂ ಕೇಳ್ತಾರೆ. ಉತ್ರ ಯೋಚ್ನೆ ಮಾಡಿಟ್ಕೋ."

"ಅಲ್ಲಿ ಸೇತುವೆ ಇದಾವಾ?"

"ಊರ ತುಂಬ ನೀರೇ. ಹುಡುಕ್ಕೊಂಡ್ರಾಯ್ತು."

ಅವಳು ಅವನ ಎದೆಗೆ ಹಣೆಯಿಟ್ಟಳು, ಮೆಲ್ಲಗೆ ಅಲ್ಲ, ಗುದ್ದಿದಂತೆ. ಅವನು ಕೋಟಿನ ಎರಡೂ ಅಂಚನ್ನು ಅವಳ ಸುತ್ತ ತಂದ. ಕ್ರೀಡಾಂಗಣದ ಕಂಬಳಿಯ ಕೆಳಗೂ ಇಷ್ಟು ಹತ್ತಿರ ಬಂದದ್ದಿಲ್ಲ. ಹೀಗೆ ಅವರು ಎಷ್ಟೋ ಹೊತ್ತು ನಿಂತಿದ್ದರು. ಒಳಗೆ ಒಂದೊಂದೇ ತಂಡದ ಸರದಿ ಮುಗಿಯುತ್ತಿತ್ತು.

ಬಾಗಿಲು ತೆರೆದು ಓಡೆಲ್ ತಲೆ ಹಾಕಿದ. ಒಳಗಿನ ಕೂಗಾಟವೂ ಅವನ ಜೊತೆ ಹೊರಬಂತು.

"ಎಮಿಲ್, ಆ ಅಯೋವಾ ಹುಡುಗ ನಮ್ಗೇ ಸಿಕ್ದ ಕಣೋ. ನೀ ಹೇಳ್ದಂಗೇ. ಕಾದಿದ್ದಕ್ಕೇ ಸಿಕ್ದ."

"ಸಂತೋಷ," ಎಂದ ಎಮಿಲ್, ತಿರುಗದೆ. "ಆ ಟ್ಯಾಂಪಾ ಪಂದ್ಯಾನೂ ನೀವೇ ಇಟ್ಕೊಳ್ಳಿ."

ಓಡೆಲ್ ಇಬ್ಬರನ್ನೂ ನೋಡಿ ಹಲ್ಲು ಕಿಸಿದ. "ಇಟ್ಕೊಂಡು ಏನ್ಮಾಡ್ಲಿ? ಆ ಪಂದ್ಯ ಯಾವೋನಿಗೆ ಬೇಕಾಗಿತ್ತು? ಆದ್ರೆ ಕೇಳು, ಮೂರು ವರ್ಷದ ಸರದಿ ಮಾತ್ರ ನಾನು ವಾಪಸ್ ಕೊಡಲ್ಲ."

"ಬೇಡ," ಎಂದಳು ನೆರೈದಾ, ಕೋಟಿನೊಳಗಿನಿಂದ. "ನಮ್ಗೆ ಇನ್ನು ಎಲ್ಲಾ ಭಾನುವಾರಗಳೂ ಇದಾವೆ."