ಹೊನ್ನಮ್ಮ ಹೇಳದ ಹೆಸರು

"ಆ ಜಾಗ ಖಾಲೀನೇ ಇರ್ಲಿ ಮಗಾ. ಹೆಸರು ಗೊತ್ತಿದ್ರೂ ನೀನು ಬರೀಬೇಡ."

ಮೈಸೂರಿನಿಂದ ಗಿರಿಜಮ್ಮ ಫೋನಿನಲ್ಲಿ ಹೀಗೆ ಅಂದಾಗ, ಮಲೇಷ್ಯಾದ ಪುಚೊಂಗ್‌ನ ಒಂಬತ್ತನೇ ಮಹಡಿಯ ಮನೆಯಲ್ಲಿ ಕೂತಿದ್ದ ವಿನಯ ಗಹಗಹಿಸಿ ನಕ್ಕ. ಗಿರಿಜಮ್ಮ ಅವನ ತಾತನ ತಂಗಿ, ಎಂಬತ್ತು ದಾಟಿದ ಹಿರಿಜೀವ. ಇವನಿಗೋ ಹೆಸರಿನಲ್ಲಿ ಇದ್ದಷ್ಟೇ ವಿನಯ. ಕಂಪ್ಯೂಟರಿನ ಪರದೆಯ ಮೇಲೆ ಕಾಣದ ಯಾವುದನ್ನೂ ನಂಬದ ಜಾತಿ.

"ಅಜ್ಜಿ, ಇದು ಸೆನ್ಸಸ್ ಪೇಪರು. ಮಂತ್ರವಾದಿಯ ತಾಳೆಗರಿ ಅಲ್ಲ. ಸಬ್‌ಸ್ಕ್ರಿಪ್ಷನ್ ತಗೊಂಡು ಹುಡುಕಿದೀನಿ, ಸುಮ್ನೆ ನೋಡಿ ಮುಚ್ಚಿಡೋಕಾ?"

"ನಮ್ಮಪ್ಪ, ನಿನ್ನ ಮುತ್ತಜ್ಜ, ಓದು ಬರಹ ಬಲ್ಲೋರು ಕಣೋ. ಆದ್ರೂ ಸಾಯೋ ತನಕ ಹೆಬ್ಬೆಟ್ಟೇ ಒತ್ತಿದ್ರು. ತಮ್ಮ ಹೆಸರು ತಾವು ಬರೀಲಿಲ್ಲ, ಇನ್ನೊಬ್ಬರು ಬರೆಯೋಕೂ ಬಿಡಲಿಲ್ಲ. ಯಾಕೆ ಅಂತ ಯೋಚ್ನೆ ಮಾಡು."

"ಸೋಮಾರಿತನ ಅಜ್ಜಿ, ಇನ್ನೇನು!" ಎಂದು ಫೋನಿಟ್ಟುಬಿಟ್ಟ.

ಅವನಿಗೆ ನಗು ಬಂದದ್ದೇ ಒಂದು ಭಾಗ್ಯ. ಹೆಂಡತಿ ಗಾನವಿ ಹೆರಿಗೆಗೆಂದು ಮೈಸೂರಿನ ತವರಿಗೆ ಹೋದ ಮೇಲೆ ಕೊರೊನಾ ಬಂದು ವಿಮಾನಗಳೆಲ್ಲ ನಿಂತುಹೋಗಿದ್ದವು. ಅಲ್ಲಿ ಗಂಡುಮಗು ಹುಟ್ಟಿತು. ಇಲ್ಲಿ ಅಪ್ಪನಾದವನು ಅದರ ಮುಖವನ್ನು ಫೋನಿನಲ್ಲಿ ನೋಡಿದ. ಮಗುವಿನ ತಲೆಯ ವಾಸನೆ ಹೇಗಿದೆ ಎಂದು ಅವನು ಕೇಳಿದಾಗ ಗಾನವಿ ಹೇಳಲಾರದೆ ಅತ್ತಿದ್ದಳು. ಮಗುವನ್ನು ಎತ್ತಿಕೊಳ್ಳಬೇಕು ಎನ್ನುವ ಆಸೆಯೊಂದು ಬಿಟ್ಟರೆ ಅವನ ಮನಸ್ಸಿನಲ್ಲಿ ಬೇರೇನೂ ಉಳಿದಿರಲಿಲ್ಲ. ಹೋಗಲಾಗದಿದ್ದರೆ ಬೇಡ, ನಾಮಕರಣಕ್ಕೆ ಒಂದು ವಂಶವೃಕ್ಷವನ್ನಾದರೂ ಮಾಡಿ ಕಳಿಸೋಣ ಎಂದು ಹಳೆಯ ದಾಖಲೆ ಹುಡುಕಿಕೊಡುವ ಒಂದು ವೆಬ್‌ಸೈಟಿಗೆ ಚಂದಾದಾರನಾಗಿದ್ದ.

ಮುತ್ತಜ್ಜ ಚಾಮಯ್ಯ ಪ್ರಾಯದಲ್ಲಿ ಮಲಯಾದ ರಬ್ಬರ್ ತೋಟಕ್ಕೆ ಬಂದು ವಾಪಸಾದ ಕತೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಅವನಿಗೊಂದು ಸಂಸಾರವಿತ್ತು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ. ಅದನ್ನು ಹೇಳಿದ್ದು ಒಂದು ಹಳದಿ ಹಾಳೆಯ ಚಿತ್ರ. ತೋಟದ ಕೂಲಿ ಲೈನಿನ ಒಂದು ಮನೆ. ಹೆಂಡತಿ ಹೊನ್ನಮ್ಮ, ಮೈಸೂರು ಸೀಮೆ, ಭಾಷೆ ಕನ್ನಡ. ಯಜಮಾನನ ಊರು ಎಂಬಲ್ಲಿ ಚಾಮಯ್ಯನ ಊರೇ ಇತ್ತು. ಹೆಸರಿನ ಜಾಗ ಮಾತ್ರ ಖಾಲಿ. ಪಕ್ಕದಲ್ಲಿ ಗಣತಿಯವನು ಬೇಸರದಿಂದ ಗೀಚಿದ್ದ: ಎಷ್ಟು ಕೇಳಿದರೂ ಹೆಂಡತಿ ಹೇಳಲಿಲ್ಲ.

ಹೇಗೆ ಹೇಳಿಯಾಳು? ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಕರಗುತ್ತದೆ ಎಂದು ನಂಬಿದ್ದ ಕಾಲದ ಹೆಂಗಸು. ಗಾನವಿಯೇ ಇವನನ್ನು "ರೀ" ಎಂದು ಕರೆಯುತ್ತಿದ್ದಳು. ಬೈಯುವಾಗ ಮಾತ್ರ ವಿನಯ. ಪಾಪ ಹೊನ್ನಮ್ಮ, ನಿನ್ನ ಪರವಾಗಿ ನಾನೇ ಹೇಳುತ್ತೇನೆ ಎಂದುಕೊಂಡ. "ಬಿಟ್ಟುಹೋದ ಮಾಹಿತಿ ಗೊತ್ತಿದ್ದರೆ ಸೇರಿಸಿ" ಎಂಬ ಪೆನ್ಸಿಲ್ ಗುರುತನ್ನು ಒತ್ತಿ, ಚಾಮಯ್ಯ ಎಂದು ಬರೆದ.

ಅದು ಅವನ ಹೆಸರೂ ಹೌದು. ಅವನು ಹುಟ್ಟಿದಾಗ ಮನೆಯವರು ಕಿವಿಯಲ್ಲಿ ಹೇಳಿದ್ದು ಚಾಮಯ್ಯ ಎಂದೇ. ವಿನಯ ಎನ್ನುವುದು ಕರೆಯಲು ಇಟ್ಟ ಹೆಸರು. ಆ ಖುಷಿಯಲ್ಲೇ ಗಾನವಿಗೆ ಮೆಸೇಜು ಹಾಕಿದ: ಮಗನಿಗೂ ಮುತ್ತಜ್ಜನ ಹೆಸರೇ ಇಡಿಸೋಣ. ಅವಳೂ ಒಪ್ಪಿದಳು.

ಅವತ್ತು ಮಧ್ಯಾಹ್ನವೇ ಮಳೆ ಕವಿದು ಮನೆಯೆಲ್ಲ ಕತ್ತಲಾಯಿತು. ಮೊದಲು ಬಂದದ್ದು ವಾಸನೆ. ಹುಳಿತ ರಬ್ಬರ್ ಹಾಲಿನ ವಾಸನೆ, ಅದರ ಜೊತೆ ಸೀಮೆಎಣ್ಣೆ, ಅಗಿದ ವೀಳ್ಯದೆಲೆ. ಎಲ್ಲಿಂದಲೋ ಮರದ ತೊಗಟೆ ಕೆರೆಯುವ ಸದ್ದು, ಕರ್... ಕರ್...

"ರೀ..."

ಅಡುಗೆಮನೆಯಿಂದ.

"ಹಾಂ, ಬಂದೆ," ಎಂದುಬಿಟ್ಟ ವಿನಯ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ. ಹಾಗೆಂದ ಮೇಲೆ ನೆನಪಾಯಿತು, ಗಾನವಿ ಮೈಸೂರಿನಲ್ಲಿದ್ದಾಳೆ. ಎದ್ದು ಹೋಗಿ ನೋಡಿದ. ಯಾರೂ ಇರಲಿಲ್ಲ. ಸಿಂಕಿನಲ್ಲಿ ಬಿಟ್ಟಿದ್ದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿತ್ತು. ನೆಲದ ಮೇಲೆ ಚಾಪೆ ಹಾಸಿ, ಒಬ್ಬರ ಊಟಕ್ಕೆ ತಟ್ಟೆ, ಪಕ್ಕದಲ್ಲಿ ಒಂದು ಲೋಟ ನೀರು ಇಡಲಾಗಿತ್ತು. ಒಂಟಿಯಾಗಿದ್ದು ತಲೆ ಕೆಟ್ಟಿದೆ, ತಾನೇ ಮಾಡಿ ಮರೆತಿದ್ದೇನೆ ಎಂದು ಸಮಾಧಾನ ಹೇಳಿಕೊಂಡ. ಆದರೂ ಆ ನೀರನ್ನು ಕುಡಿಯಲಿಲ್ಲ.

ಆಮೇಲೆ ದಿನವೂ ಅದೇ. ಚಾಪೆ, ತಟ್ಟೆ, ನೀರು. ಹೆಸರನ್ನು ಅಳಿಸಿಹಾಕೋಣ ಎಂದು ಮತ್ತೆ ವೆಬ್‌ಸೈಟಿಗೆ ಹೋದರೆ ಪೆನ್ಸಿಲ್ ಗುರುತೇ ಇರಲಿಲ್ಲ. ಚಿತ್ರದಲ್ಲಿ, ಆ ಹಳದಿ ಹಾಳೆಯ ಮೇಲೆಯೇ, ಗಣತಿಯವನ ಅಕ್ಷರದಲ್ಲೇ, ಮಾಸಿದ ಶಾಯಿಯಲ್ಲಿ ಚಾಮಯ್ಯ ಎಂದು ಬರೆದಿತ್ತು. ಪಕ್ಕದ ಗೀಚು ಮಾಯವಾಗಿತ್ತು. ಅವನು ಚಂದಾ ರದ್ದು ಮಾಡಿದ. ಹಾಳೆ ಪರದೆಯ ಮೇಲೆ ಹಾಗೇ ಉಳಿಯಿತು.

ಅಷ್ಟರಲ್ಲಿ ದೇವರೇ ಕಣ್ಣು ಬಿಟ್ಟ ಹಾಗೆ, ಊರಿಗೆ ಹೊರಟ ವಿಶೇಷ ವಿಮಾನದಲ್ಲಿ ಅವನಿಗೊಂದು ಸೀಟು ಸಿಕ್ಕಿತು. ನಾಮಕರಣದ ದಿನವೇ ಸಂಜೆ. ಅವತ್ತು ಬೆಳಿಗ್ಗೆ ಅವನು ಕುಣಿದಾಡಿಕೊಂಡು ಬ್ಯಾಗು ತುಂಬಿದ. ಕೆಳಗಿನ ಮಾಮಕ್ ಹೋಟೆಲಿನಿಂದ ತಿಂಡಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತರೋಣ ಎಂದು ಮಾಸ್ಕು ಕಟ್ಟಿ ಬಾಗಿಲು ತೆಗೆದ. ಹೊಸಿಲ ಮೇಲೆ ಕಾಲಿಟ್ಟವನು, ಹುಟ್ಟಿದಾಗಿನಿಂದ ನಾಲಗೆಗೆ ಅಂಟಿದ ಅಭ್ಯಾಸ ನೋಡಿ, ಖಾಲಿ ಮನೆಯ ಕಡೆ ತಿರುಗಿ ಅಂದುಬಿಟ್ಟ:

"ಬರ್ತೀನಿ."

ಹೋಗ್ತೀನಿ ಎಂದು ಯಾವ ಕನ್ನಡಿಗ ತಾನೇ ಹೇಳಿಯಾನು?

"ಆವತ್ತೂ ಹಿಂಗೇ ಅಂದಿದ್ರಿ."

ಕಿವಿಯ ಪಕ್ಕದಲ್ಲೇ. ತಣ್ಣಗೆ. ವೀಳ್ಯದೆಲೆಯ ಉಸಿರು ಕೆನ್ನೆಗೆ ತಾಕಿತು. ಬಾಗಿಲು ಅವನ ಕೈಯಿಂದ ಕಿತ್ತುಕೊಂಡಂತೆ ದಢಾರನೆ ಮುಚ್ಚಿತು.

ಚಿಲಕ ತಿರುಗಿಸಿದ. ತಿರುಗಲಿಲ್ಲ. ಕೀಲಿ ಹಾಕಿದ. ಕೀಲಿ ಬಗ್ಗಿತು. ಭುಜ ಕೊಟ್ಟು ಗುದ್ದಿದ, ಒದ್ದ, ಕೂಗಿದ. ಎದುರು ಮನೆಯ ತಮಿಳು ಹೆಂಗಸು ಲಕ್ಷ್ಮಿಯಕ್ಕನ ದನಿ, ಅವಳದೇ ಕಲಬೆರಕೆ ಮಾತಿನಲ್ಲಿ, ಆಚೆಯಿಂದ ಕೇಳಿಸಿತು.

"ತಂಬೀ! ಯಾಕೆ ಇಷ್ಟು ಸೌಂಡು? ಡೋರ್ ಓಪನ್ ಆಗೇ ಇದೆ ಲಾ! ನೀ ಎಲ್ಲಿ?"

"ಇಲ್ಲೇ ಇದೀನಿ ಅಕ್ಕಾ! ಬಾಗಿಲ ಹಿಂದೆ! ತೆಗೀರಿ!"

"ಅಯ್ಯೋ, ಡೋರ್ ಪೂರಾ ತೆರೆದಿದೆ ಪಾ. ಒಳಗೆ ಏನೂ ಕಾಣ್ತಿಲ್ಲ. ಲೈನ್ ಮನೆ ಥರಾ ಕತ್ತಲೆ... ಮುರುಗಾ!"

ಅವಳ ಚಪ್ಪಲಿಯ ಸದ್ದು ಓಡಿತು. ಅವಳ ಮನೆಯ ಬಾಗಿಲು ಮುಚ್ಚಿತು. ವಿನಯ ಕಿಟಕಿಗೆ ಓಡಿದ. ಕಿಟಕಿಯಾಚೆ ಪುಚೊಂಗ್ ಇರಲಿಲ್ಲ. ರೈಲು ಮಾರ್ಗ ಇರಲಿಲ್ಲ. ಸಾಲು ಸಾಲು ಮರ. ಪ್ರತಿ ಮರದ ಎದೆಯಲ್ಲೂ ಒಂದು ಗೀರು, ಕೆಳಗೆ ತೊಟ್ಟಿಕ್ಕುವ ಬಿಳಿ ಹಾಲು. ಹಿಂದೆ, ಅಡುಗೆಮನೆಯಲ್ಲಿ, ಬಳೆಗಳ ಸದ್ದು.

ಗಿರಿಜಮ್ಮನಿಗೆ ಫೋನು ಮಾಡಿದ.

"ಬರೆದ್ಯಾ?" ಎಂದಳು ಅವಳು ಮೊದಲೇ. ಅವನು ಅತ್ತ. ಆ ಕಡೆ ನಿಟ್ಟುಸಿರು. "ನಮ್ಮಪ್ಪ ಅವಳಿಗೆ ಹೋಗಿ ಬರ್ತೀನಿ ಅಂದು ಹಡಗು ಹತ್ತಿದ್ರು. ಮತ್ತೆ ಅಲ್ಲಿಗೆ ಹೋಗಲೇ ಇಲ್ಲ. ಆ ತೋಟದಿಂದ ಬಂದೋರು ಹೇಳಿದ್ರು, ಅವಳು ಅಪ್ಪನ ಪಂಚೆಗೆ ತನ್ನ ಕೂದಲು ಸುತ್ತಿ ಹೊಸಿಲ ಕೆಳಗೆ ಹೂತು ಮಾಟ ಕಟ್ಟಿದ್ಲಂತೆ. ಈ ಮನೆಗೆ ಯಜಮಾನನ ಹೆಸರು ಬಿದ್ದ ದಿನ ಆ ಹೆಸರಿನೋನು ಬರಬೇಕು, ಬಂದೋನು ಹೊಸಿಲು ದಾಟಬಾರದು ಅಂತ. ಅದಕ್ಕೇ ನಿಮ್ಮಪ್ಪ ನಿನಗೆ ಆ ಹೆಸರಿಟ್ಟಾಗ ಬೇಡ ಅಂತ ಬಡ್ಕೊಂಡೆ."

"ಬಿಡಿಸ್ಕೊಳ್ಳೋಕೆ ದಾರಿನೇ ಇಲ್ವಾ ಅಜ್ಜಿ?"

ಗಿರಿಜಮ್ಮ ದನಿ ತಗ್ಗಿಸಿದಳು.

"ಹೆಸರು ಇನ್ನೊಂದು ಜೀವದ ಮೇಲೆ ಇಳಿದ್ರೆ ಅವಳು ನಿನ್ನ ಬಿಟ್ಟು ಅದರ ಹಿಂದೆ ಹೋಗ್ತಾಳೆ. ಅಂಥ ಕೆಲಸ ಮಾತ್ರ ಮಾಡ್ಬೇಡ್ವೋ."

ಇವತ್ತೇ ಮಗನ ನಾಮಕರಣ ಎಂದು ವಿನಯನಿಗೆ ಹೊಳೆಯಿತು. ಫೋನು ಮತ್ತೆ ಹೊಡೆದುಕೊಂಡಿತು. ಗಾನವಿಯ ವಿಡಿಯೋ ಕರೆ.

ಪರದೆಯ ತುಂಬ ಬೆಳಕು. ಹೂವು ಸುತ್ತಿದ ತೊಟ್ಟಿಲು, ತಟ್ಟೆಯಲ್ಲಿ ಹರಡಿದ ಅಕ್ಕಿ, ಪುರೋಹಿತರು, ರೇಷ್ಮೆ ಸೀರೆಯ ಹೆಂಗಸರು. ಮಧ್ಯದಲ್ಲಿ ಮಗು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು.

"ರೀ, ಕೇಳಿಸ್ತಿದ್ಯಾ? ಅಕ್ಕಿ ಮೇಲೆ ಬರೆದಾಯ್ತು. ಮುತ್ತಜ್ಜನ ಹೆಸರೇ ಕಿವೀಲಿ ಹೇಳ್ಲಾ ಅಂತ ನಿಮ್ಮಕ್ಕ ಕೇಳ್ತಿದಾರೆ. ನೀವು ಒಂದ್ಸಲ ಹೂಂ ಅಂದ್ಬಿಡಿ."

ಬೇಡ ಅನ್ನಬೇಕು. ಒಂದೇ ಮಾತು. ಬೇಡ. ಬಾಯಿ ತೆರೆದ.

ಬೆನ್ನ ಹಿಂದೆ ಚಿಲಕ ಕಟ್ ಎಂದಿತು.

ತಿರುಗಿ ನೋಡಿದ. ಬಾಗಿಲು ಕೂದಲೆಳೆಯಷ್ಟು ತೆರೆದಿತ್ತು. ಕಾರಿಡಾರಿನ ಬಿಳಿ ಬೆಳಕು. ಲಿಫ್ಟಿನ ಸದ್ದು. ಯಾರದೋ ಮನೆಯ ಒಗ್ಗರಣೆಯ ಘಮ. ಹೊರಗೆ ಹೋಗಬಹುದು. ಸಂಜೆ ವಿಮಾನ ಹತ್ತಬಹುದು. ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದ ನೆರಳೊಂದು ಕಾಯುತ್ತ ನಿಂತಿತ್ತು. ಅವಸರವೇನೂ ಇಲ್ಲದ ಹಾಗೆ.

ಅವನು ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ತೆರೆದ ಬಾಯಿ ತೆರೆದೇ ಇತ್ತು. ಬದುಕುವ ಆಸೆ ಎಂಥ ಹೇಸಿಗೆಯದು ಎಂದು ಅವನಿಗೆ ಆಗಲೇ ಗೊತ್ತಾಯಿತು.

"ಸಿಗ್ನಲ್ ಹೋಯ್ತು ಅನ್ಸುತ್ತೆ. ಅವನೇ ಆರಿಸಿದ ಹೆಸರಲ್ವಾ, ಮುಹೂರ್ತ ಮೀರುತ್ತೆ, ಹೇಳಮ್ಮ," ಎಂದಿತು ಮಾವನ ದನಿ.

ಅಕ್ಕ ಬಾಗಿದಳು. ವೀಳ್ಯದೆಲೆಯನ್ನು ಅಡ್ಡ ಹಿಡಿದು ಮಗುವಿನ ಕಿವಿಗೆ ಬಾಯಿಟ್ಟಳು.

"ಬೇಡಾ! ಅಕ್ಕಾ, ಬೇಡಾ!"

ಈಗ ಕಿರುಚಿದ. ಈಗ ಬಾಗಿಲು ಪೂರ್ತಿ ತೆರೆದುಕೊಂಡಿತ್ತು. ನೆರಳು ಇರಲಿಲ್ಲ. ಕಿಟಕಿಯಾಚೆ ಪುಚೊಂಗ್ ಬಿಸಿಲಿನಲ್ಲಿ ಬೆಳಗುತ್ತಿತ್ತು. ಅವನು ಮುಗ್ಗರಿಸುತ್ತ ಕಾರಿಡಾರಿಗೆ ಬಿದ್ದ. ಕೈಯಲ್ಲಿದ್ದ ಫೋನಿನಿಂದ ಮಗುವಿನ ಅಳು ಥಟ್ಟನೆ ನಿಂತಿತು.

"ರೀ, ಈಗ ಕೇಳಿಸ್ತು ನಿಮ್ಮ ದನಿ. ಏನಂದ್ರಿ?" ಗಾನವಿ ನಗುತ್ತಿದ್ದಳು. "ನೋಡಿ ನಿಮ್ಮ ಮಗನ್ನ. ಬೆಳಗಿಂದ ಒಂದೇ ಸಮ ಅಳ್ತಿದ್ದೋನು ಹೆಸರಿಟ್ಟಿದ್ದೇ ತಡ ಸುಮ್ನಾದ. ಬಾಗಿಲ ಕಡೆ ನೋಡಿ ನಗ್ತಿದಾನೆ, ಯಾರೋ ಬಂದ ಹಾಗೆ... ಅಮ್ಮಾ, ತೊಟ್ಟಿಲು ಯಾರು ತೂಗ್ತಿರೋದು? ಬಿಡಿ ಅದನ್ನ. ಇದೇನ್ರೀ ಇಲ್ಲಿ ಇದ್ದಕ್ಕಿದ್ದ ಹಾಗೆ ಹುಳಿ ಹುಳಿ ವಾಸನೆ?"

ವಿನಯ ತೆರೆದ ಬಾಗಿಲೊಳಗೆ ನೋಡಿದ. ಅವನ ಮನೆಯಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ.