ಪೆಡಲ್ ಒತ್ತಿದವರು

ಮನೆಯಲ್ಲೇ ಕಾರಿನ ಬ್ರೇಕ್ ಆಯಿಲ್ ಬದಲಿಸುವಾಗ ಮೊದಲೆಲ್ಲ ಪೆಡಲ್ ಒತ್ತುತ್ತಿದ್ದವರು ಅಜ್ಜಿ. ಒತ್ತಿ ಹಿಡಿದಾಗ ‘ಹೂಂ’ ಎನ್ನಬೇಕು, ಕತೆ ಕೇಳುವವರ ಹಾಗೆ. ಅವರು ತೀರಿಕೊಂಡ ಮೇಲೆ ಆ ಕೆಲಸ ಅಪ್ಪನದು.

ಮೊನ್ನೆ ಮಧ್ಯಾಹ್ನ ನಾನು ಚಕ್ರದ ಪಕ್ಕ ಮಲಗಿ ಹಳೆ ಆಯಿಲ್, ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಿದ್ದೆ. ಬ್ರೇಕ್ ಗಟ್ಟಿಯಾದರೆ ಮಾತ್ರ ಮರುದಿನ ಒಬ್ಬಳೇ ಕಾರು ಓಡಿಸಲು ಅಪ್ಪನ ಒಪ್ಪಿಗೆ. ‘ಒತ್ತಿ ಅಪ್ಪಾ’ ಎಂದಾಗಲೆಲ್ಲ ಕಾರಿನೊಳಗಿಂದ ಮೆಲ್ಲನೆ ‘ಹೂಂ’ ಬರುತ್ತಿತ್ತು. ಆ ಬಿಸಿಲಲ್ಲೂ ಕೈಗೆ ಇಳಿದ ಆಯಿಲ್ ತಣ್ಣಗಿತ್ತು. ಕೊನೆಯ ಗಾಳಿಗುಳ್ಳೆ ಹೋಗುವಾಗ ಗೇಟಿನ ಸದ್ದಾಯಿತು. ಡಬ್ಬಿ ಹಿಡಿದು ಅಪ್ಪ ಬರುತ್ತಿದ್ದರು.

‘ಆಯಿಲ್ ಸಾಲದು, ತರ್ತೇನೆ ಅಂತ ಹೇಳಿ ಹೋದೆನಲ್ಲ ಮಾರಾಯ್ತಿ, ಕೇಳ್ಲಿಲ್ವಾ?’

‘ಮತ್ತೆ ಒತ್ತಿದ್ದು ಯಾರು?’

ಅಪ್ಪ ಕೈಯಿಂದಲೇ ಪೆಡಲ್ ಒತ್ತಿ ನೋಡಿದರು. ಗಟ್ಟಿಯಿತ್ತು. ಕೂರಲು ಹೋದರೆ ಮೊಣಕಾಲಿಗೆ ಜಾಗ ಸಾಲಲಿಲ್ಲ. ಸೀಟು ಪೂರ್ತಿ ಮುಂದಿತ್ತು, ಗಿಡ್ಡ ಅಜ್ಜಿ ಎಳೆದುಕೊಳ್ಳುತ್ತಿದ್ದಷ್ಟು.

‘ನಾಳೆ ನೀನೊಬ್ಳೇ ಹೋಗು, ಹೆದರುವುದೆಂತ’ ಎಂದ ಅಪ್ಪ ಸೀಟು ಸರಿಸದೆಯೇ ಬಾಗಿಲು ಹಾಕಿದರು.